ಹದ ಮೀರಿದ ಎರೆಮಣ್ಣು

ಚರ್ಮ ಸುಟ್ಟ ವಾಸನೆ ಮೊದಲು ತಟ್ಟಿದ್ದು ಅಜ್ಜಿಯ ಮೂಗಿಗೆ. ಹಂಚಿನ ಮೇಲೆ ರೊಟ್ಟಿ ಸೀಯಿತೇನೋ ಎಂದು ಗುರುಬಸವ್ವ ಹಿಟ್ಟಿನ ಕೈಯಲ್ಲೇ ಎದ್ದು ನೋಡಿದಳು. ಹಂಚು ಖಾಲಿ ಇತ್ತು. ತಿರುಗಿದರೆ, ಮೊಮ್ಮಗಳು ಕಸ್ತೂರಿ ಗೋಡೆಬದಿಯ ಬಿಸಿನೀರಿನ ಕೊಳವೆಯ ಮುಚ್ಚಳದ ಮೇಲೆ ಬರಿಗಾಲಲ್ಲಿ ನಿಂತು, ಮೇಲಿನ ಮಾಡದಲ್ಲಿಟ್ಟಿದ್ದ ಕವಡೆಗಳನ್ನು ಒಂದೊಂದಾಗಿ ಲಂಗದ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಆ ಮುಚ್ಚಳವನ್ನು ಬಟ್ಟೆಯಿಲ್ಲದೆ ಮುಟ್ಟಿದರೆ ದೊಡ್ಡವರ ಕೈಗೇ ಬೊಬ್ಬೆ ಏಳುತ್ತದೆ. ಅಜ್ಜಿ ಕಿರುಚಿ ಎಳೆದುಕೊಂಡಾಗ, ಕವಡೆ ಚೆಲ್ಲಿದವಲ್ಲ ಎಂದು ಹುಡುಗಿ ಸಿಟ್ಟಾದಳು. ಅಂಗಾಲಿನ ಚರ್ಮ ಮುಚ್ಚಳಕ್ಕೇ ಅಂಟಿ ಉಳಿದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಸುದ್ದಿ ತಿಳಿದು ಕಸ್ತೂರಿಯ ಅವ್ವ ನೀಲಗಂಗಾ ಲ್ಯಾಬಿನಿಂದ ಓಡಿ ಬಂದಳು. ಓಡಿ ಎಂಬುದು ಮಾತಿಗೆ. ಮಂಗಳದ ಮೇಲೆ ಯಾರೂ ಓಡುವುದಿಲ್ಲ, ಜಿಗಿದು ತೇಲಿ, ಮತ್ತೆ ಜಿಗಿದು ಬರುತ್ತಾರೆ. ಅದೇ ಅವರಿಗೆ ಮೋಸ ಮಾಡಿದ್ದು. ಭೂಮಿಯಲ್ಲಾಗಿದ್ದರೆ ಮಗು ಎಡವುವುದು, ಕಾಲೆಳೆಯುವುದು ಎಂದೋ ಕಣ್ಣಿಗೆ ಬೀಳುತ್ತಿತ್ತು. ಮೈಭಾರ ಮೂರರಲ್ಲೊಂದು ಪಾಲಾಗುವ ಕಡೆ ಎಲ್ಲ ಮಕ್ಕಳೂ ತೂರಾಡಿಕೊಂಡೇ ನಡೆಯುತ್ತವೆ. ಚಪ್ಪಲಿ ಎಲ್ಲೋ ಕಳಚಿ ಬಿದ್ದರೂ ಈಚೆಗೆ ಕಸ್ತೂರಿ ನೋಡಿಕೊಳ್ಳುತ್ತಿರಲಿಲ್ಲ, ಹುಡುಗಾಟ ಹೆಚ್ಚಾಯಿತೆಂದು ತಾನೇ ಬೈದಿದ್ದು ನೀಲಗಂಗಾಳಿಗೆ ನೆನಪಾಯಿತು. ಮಗಳ ಹೆಬ್ಬೆರಳನ್ನು ಉಗುರಿನಿಂದ ಒತ್ತಿ ಮುಖ ನೋಡಿದಳು. ಕಸ್ತೂರಿ ಅವ್ವನ ಮುಖವನ್ನೇ ನೋಡುತ್ತಿದ್ದಳು, ಏನು ಮಾಡುತ್ತಿದ್ದಾಳೆ ಎಂಬ ಕುತೂಹಲದಿಂದ.

ಕೆಂಪಹಾಳ ಎಂಬುದು ಮಂಗಳದ ನೆಲದಡಿಯ ಒಂದು ಗವಿ. ಎಂದೋ ಲಾವಾ ಹರಿದುಹೋಗಿ ಟೊಳ್ಳಾಗಿ ಉಳಿದ ಆ ಉದ್ದನೆಯ ಗವಿಯ ಎರಡೂ ಬಾಯಿ ಮುಚ್ಚಿ, ಒಳಗೆ ಗಾಳಿ ತುಂಬಿ, ಹಿಮ ಅಗೆಯುವ ಕೆಲಸಕ್ಕೆಂದು ಗದಗ, ರೋಣ, ಕೊಪ್ಪಳದ ಕಡೆಯ ನಲವತ್ತು ಕುಟುಂಬಗಳನ್ನು ತಂದು ಇಳಿಸಿದ್ದರು. ಅರ್ಧ ಗವಿ ಮನೆಗಳಿಗೆ, ಇನ್ನರ್ಧ ಹೊಲಕ್ಕೆ. ಎಲ್ಲರ ಉಸಿರೂ ಒಂದೇ. ಹೊಲದ ಗಾಳಿ ಮನೆಗೆ, ಮನೆಯ ಗಾಳಿ ಹೊಲಕ್ಕೆ. ಮಂಗಳದ ಪುಡಿಯನ್ನು ತೊಳೆದು, ಜೇಡಿ ಬೆರೆಸಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಊರಿಂದ ತಂದ ಎರೆಮಣ್ಣನ್ನು ಅದಕ್ಕೆ ಹಾಕಿ, ಮಂದಿ ತಮಗೆ ಗೊತ್ತಿದ್ದಂಥ ಕಪ್ಪು ನೆಲವನ್ನೇ ಮಾಡಿಕೊಂಡಿದ್ದರು. ಮರಳು ಹೆಚ್ಚಿರಲಿ ಎಂದು ಎಂಜಿನಿಯರುಗಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬಿಳಿಜೋಳಕ್ಕೆ ಎರೆಯೇ ಆಗಬೇಕು, ಮರಳಿನಲ್ಲಿ ಬೆಳೆದದ್ದು ರೊಟ್ಟಿಯಾಗುವುದಿಲ್ಲ ಎಂದು ಹಟ ಹಿಡಿದಿದ್ದರು. ಆ ಮಣ್ಣನ್ನು ನೋಡಿಕೊಳ್ಳುವವಳು ನೀಲಗಂಗಾ. ಅದಕ್ಕೆ ನೀರು ಬಿಡುವ ನೀರುಗಂಟಿ ಅವಳ ಗಂಡ ಫಕೀರೇಶ.

ಡಾಕ್ಟರ್ ಜುಬೇದಾ ಕಸ್ತೂರಿಯೊಬ್ಬಳನ್ನೇ ನೋಡಿ ಬಿಡಲಿಲ್ಲ. ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಹತ್ತಿ ಸವರಿ, ಸೂಜಿ ತಾಗಿಸಿ ನೋಡಿದಳು. ಹೆಚ್ಚಿನವಕ್ಕೆ ಪಾದ ಜೋಮು ಹಿಡಿದಂತಿತ್ತು. ಕೆಲವಕ್ಕೆ ಮೊಣಕಾಲಿನವರೆಗೆ ಏನೂ ತಿಳಿಯುತ್ತಿರಲಿಲ್ಲ. ಅವರಲ್ಲಿ ಕಸ್ತೂರಿಯೂ ಒಬ್ಬಳು. ಲಕ್ಷ್ಮೇಶ್ವರದ ಹೆಣ್ಣುಮಗಳು ಜುಬೇದಾ ಯಾವತ್ತೂ ಮಾತು ನುಂಗಿದವಳಲ್ಲ. ಅಂದು ನೀಲಗಂಗಾಳನ್ನು ಔಷಧಿ ಕೋಣೆಗೆ ಕರೆದು ಬಾಗಿಲು ಹಾಕಿದಳು.

ಆಕೆ ಹೇಳಿದ್ದು ಇಷ್ಟು. ಮಕ್ಕಳ ರಕ್ತದಲ್ಲಿ ಬಿ-ಹನ್ನೆರಡು ವಿಟಮಿನ್ನು ಬೇಕಾದಷ್ಟಿದೆ, ಆದರೆ ಕೆಲಸ ಮಾಡುತ್ತಿಲ್ಲ. ಅದು ಕೆಲಸ ಮಾಡದಿದ್ದರೆ ನರಗಳ ಮೇಲಿನ ಹೊದಿಕೆ ಸವೆಯುತ್ತದೆ. ಮೊದಲು ಪಾದ, ಆಮೇಲೆ ಕಾಲು, ಕೈ, ಬೆನ್ನುಹುರಿ. ಕಡೆಗೆ ನೆನಪು, ಬುದ್ಧಿ. ಓದುವಾಗ ಇಂಥ ಕೇಸುಗಳನ್ನು ಆಕೆ ಕಂಡಿದ್ದಳು: ನಶೆಗೆಂದು ನಗೆ ಅನಿಲ ಎಳೆಯುತ್ತಿದ್ದ ಹುಡುಗರು.

“ಆ ಗಾಳಿ ವಿಟಮಿನ್ನನ್ನ ಒಳಗಿಂದ ಕೆಡಿಸ್ತೈತಿ, ನೀಲಗಂಗಾ. ಅದನ್ನ ಕುಡಿಯೂದು ನಿಲ್ಲೂತನಕ ನಾ ಕೊಡೂ ಗುಳಿಗಿ ಎಲ್ಲಾ ದಂಡ. ಇರೂವೂ ಅಷ್ಟಕ್ಕಷ್ಟ. ಭೂಮಿಯಿಂದ ಹಡಗು ಬರಾಕ ಇನ್ನೂ ವರ್ಷ ಐತಿ. ಆದ್ರ ಆ ಗಾಳಿ ಇಲ್ಲಿ ಬರೂದರ ಎಲ್ಲಿಂದ? ನನ್ನ ಕಡೆ ಒಂದು ಸಿಲಿಂಡರ್ ಸೈತ ಇಲ್ಲ.”

ಎಲ್ಲಿಂದ ಬರುತ್ತದೆ ಎಂದು ನೀಲಗಂಗಾಳಿಗೆ ಆ ಗಳಿಗೆಯಲ್ಲೇ ಗೊತ್ತಾಗಿತ್ತು.

ಲ್ಯಾಬಿಗೆ ಹೋಗಿ ಗಾಳಿ ಅಳೆಯುವ ಯಂತ್ರದ ಮುಂದೆ ಕೂತಳು. ಆ ಯಂತ್ರಕ್ಕೆ ಆಮ್ಲಜನಕ, ಇಂಗಾಲದ ಡೈ ಆಕ್ಸೈಡು, ಅಮೋನಿಯಾ ಇಂಥ ಕೆಲವನ್ನು ನೋಡಲು ಮಾತ್ರ ಹೇಳಿಕೊಟ್ಟಿದ್ದರು. ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ ಕಸ. ಅಳಿಸಿ ಹಾಕಿ, ನಯವಾದ ಗೆರೆ ತೋರಿಸುತ್ತಿತ್ತು. ಅವಳು ಆ ಅಳಿಸುವ ಕೆಲಸವನ್ನು ನಿಲ್ಲಿಸಿ, ಹಸಿ ಗೆರೆಯನ್ನು ಪರದೆಯ ಮೇಲೆ ತಂದಳು. ಕಸವೆಂದು ಗುಡಿಸಿದ ಜಾಗದಲ್ಲಿ ಒಂಟೆಯ ಬೆನ್ನಿನಂಥ ಡುಬ್ಬ ನಿಂತಿತ್ತು. ನೈಟ್ರಸ್ ಆಕ್ಸೈಡು, ಅದೇ ನಗೆ ಅನಿಲ. ಹಳೆಯ ಗೆರೆಗಳನ್ನು ತೆರೆಯುತ್ತ ಹೋದಳು. ಹಿಂದಕ್ಕೆ ಹೋದಷ್ಟೂ ಡುಬ್ಬ ಸಣ್ಣದಾಗುತ್ತ ಹೋಯಿತು. ದಿನಾ ಬೆಳಗ್ಗೆ ಇದೇ ಕುರ್ಚಿಯಲ್ಲಿ ಕೂತು ಗಾಳಿ ಶುದ್ಧವಾಗಿದೆ ಎಂದು ಬರೆದಿದ್ದಳು.

ಮಣ್ಣೆಂದರೆ ಅರ್ಧ ಮಾತ್ರ ಮಣ್ಣು, ಉಳಿದರ್ಧ ಸಂದು. ಆ ಸಂದುಗಳಲ್ಲಿ ನೀರೂ ಇರಬೇಕು, ಗಾಳಿಯೂ ಆಡಬೇಕು. ಅರ್ಧಕ್ಕಿಂತ ತುಸು ಹೆಚ್ಚು ನೀರು, ಉಳಿದದ್ದು ಗಾಳಿ; ಒಕ್ಕಲಿಗರು ಹದ ಅನ್ನುವುದು ಅದನ್ನೇ. ಹದವಿದ್ದಾಗ ಒಂದು ಬಗೆಯ ಸೂಕ್ಷ್ಮಜೀವಿಗಳು ಗೊಬ್ಬರದ ಅಮೋನಿಯಾವನ್ನು ನೈಟ್ರೇಟು ಮಾಡುತ್ತವೆ, ಬೆಳೆ ಅದನ್ನು ಉಣ್ಣುತ್ತದೆ. ನೀರು ಹೆಚ್ಚಾಗಿ ಸಂದು ಮುಚ್ಚಿದರೆ ಇನ್ನೊಂದು ಬಗೆಯವು ಏಳುತ್ತವೆ. ಉಸಿರಿಗೆ ಆಮ್ಲಜನಕ ಸಿಗದಾಗ ಅವು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಕಿತ್ತು ಕಿತ್ತು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಕೊನೆಗೆ ಯಾರಿಗೂ ತೊಂದರೆಯಿಲ್ಲದ ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ಆ ಕೊನೆಯ ಮೆಟ್ಟಿಲಿನ ಹಿಂದಿನದೇ ನಗೆ ಅನಿಲ. ಮಣ್ಣು ಪೂರ್ತಿ ಮುಳುಗಿದ್ದರೆ ಕೊನೆಯ ಮೆಟ್ಟಿಲನ್ನೂ ಇಳಿಯುತ್ತವೆ. ಅರೆಬರೆ ನೀರು, ಅರೆಬರೆ ಗಾಳಿ ಇದ್ದರೆ ಕೆಲಸವನ್ನು ಅಲ್ಲಿಗೇ ಬಿಟ್ಟುಬಿಡುತ್ತವೆ. ಭೂಮಿಯ ಹೊಲದಲ್ಲಿ ಅದು ಬಯಲಿನ ಗಾಳಿಗೆ ಹಾರಿಹೋಗುತ್ತದೆ. ಮುಚ್ಚಿದ ಗವಿಯಲ್ಲಿ ಹೋಗುವುದೆಲ್ಲಿಗೆ?

ಕೆಂಪಹಾಳದಲ್ಲಿ ನೀರಿಗೂ ತೂಕ ಕಡಿಮೆ. ಊರಿನಲ್ಲಿ ಬಸಿದು ಇಳಿದುಹೋಗುವ ನೀರು ಇಲ್ಲಿ ಸಂದುಗಳಲ್ಲೇ ಕೂತುಬಿಡುತ್ತದೆ. ಎರೆಮಣ್ಣೋ, ಹಸಿಯಾದರೆ ಉಬ್ಬಿ ಇದ್ದ ಸಂದನ್ನೂ ಬಿಗಿಯುತ್ತದೆ. ಇಷ್ಟು ಅವಳಿಗೆ ಮೊದಲೇ ತಿಳಿದಿತ್ತು, ಅದಕ್ಕೆ ತಕ್ಕಂತೆ ನೀರಿನ ಮಟ್ಟ ಇಳಿಸಿಯೂ ಇದ್ದಳು. ಆದರೆ ಹೋದ ಪೈರಿನಲ್ಲಿ ಜೋಳದ ಎಲೆ ಹಳದಿಯಾಗತೊಡಗಿದಾಗ ಮಂದಿ ಬಾಯಾರಿಕೆ ಎಂದರು. ಫಕೀರೇಶ ನೀರು ಏರಿಸಿದ. ನೀರು ಏರಿದಷ್ಟೂ ನೈಟ್ರೇಟು ಗಾಳಿಯಾಗಿ ಹೋಯಿತು; ಹೋದಷ್ಟೂ ಎಲೆ ಹಳದಿಯಾಯಿತು; ಹಳದಿಯಾದಷ್ಟೂ ನೀರು ಏರಿತು.

ಅಷ್ಟಾದರೂ ಲೆಕ್ಕ ಕೂಡಲಿಲ್ಲ. ಬರೀ ನೀರಿನಿಂದ ಇಷ್ಟು ಅನಿಲ ಏಳುವುದಿಲ್ಲ. ಆ ಜೀವಿಗಳಿಗೆ ಉಸಿರಿನ ಜೊತೆ ಉಣಿಸೂ ಬೇಕು. ಸುಲಭವಾಗಿ ಕರಗುವ ಹಿಟ್ಟು, ಬೆಲ್ಲದಂಥದ್ದನ್ನು ಯಾರೋ ಕೈಯಾರೆ ಕೊಡುತ್ತಿರಬೇಕು. ಯಾರು ಎಂದು ಯೋಚಿಸುತ್ತ ಮನೆಗೆ ಬಂದರೆ, ಅತ್ತೆ ಗುರುಬಸವ್ವ ಮರುದಿನದ ಅಮಾವಾಸ್ಯೆಗೆಂದು ಕಡಬು ಬೇಯಿಸುತ್ತಿದ್ದಳು.

ಎಳ್ಳಮಾವಾಸ್ಯೆಯಂದು ಬೆಳೆದು ನಿಂತ ಹೊಲಕ್ಕೆ ಹೋಗಿ, ಬಸುರಿಯಾದ ನೆಲಕ್ಕೆ ಉಣಿಸೆಂದು ಅಡುಗೆಯನ್ನು ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಊರಲ್ಲಿ ಅದು ವರ್ಷಕ್ಕೊಮ್ಮೆ. ಇಲ್ಲಿಗೆ ಬಂದ ಮೇಲೆ, ಊರು ನೆನಪಾದಾಗಲೆಲ್ಲ ಮಾಡಲು ಬೇರೇನೂ ಉಳಿಯದೆ, ಪಂಚಾಂಗ ನೋಡಿ ಪ್ರತಿ ಅಮಾವಾಸ್ಯೆಗೂ ಚರಗ ಚೆಲ್ಲತೊಡಗಿದರು. ಹೊಟ್ಟೆ ಕಟ್ಟಿಯಾದರೂ ಚೆಲ್ಲುವರು. ಸಜ್ಜಿರೊಟ್ಟಿ, ಅಂಬಲಿ, ಕಡಬು, ಕಾಳಿನ ಪಲ್ಯ. ನಲವತ್ತು ಮನೆಯದು. ನೀಲಗಂಗಾಳೂ ಸೆರಗು ಹೊದ್ದು ಅತ್ತೆಯ ಹಿಂದೆ ನೀರು ಚಿಮುಕಿಸುತ್ತ ನಡೆದವಳೇ.

ಅವಳು ಬಾಗಿಲಲ್ಲೇ ನಿಂತು ಕೇಳಿದಳು: “ಅತ್ತಿ, ಊರಾಗ ಚರಗ ಚೆಲ್ಲಿದ್ರ ಯಾರು ತಿಂತಿದ್ರು?”

ಮುದುಕಿಗೆ ಇದೆಂಥ ಪ್ರಶ್ನೆ ಅನಿಸಿರಬೇಕು. ಹಕ್ಕಿ ತಿನ್ನುತ್ತಿದ್ದವು, ಇರುವೆ, ಅಳಿಲು, ಯಾರದೋ ನಾಯಿ. ಸಂಜೆಯೊಳಗೆ ಒಂದು ಅಗುಳೂ ಉಳಿಯುತ್ತಿರಲಿಲ್ಲ ಎಂದಳು.

“ಇಲ್ಲಿ?”

“ಇಲ್ಲೂ ಉಳಿಯೂದಿಲ್ಲವಾ. ಮರುದಿನ ಹೋದ್ರ ಇರೂದಿಲ್ಲ.” ಗುರುಬಸವ್ವ ಕಡಬಿನ ಅಂಚು ಒತ್ತುವುದನ್ನು ನಿಲ್ಲಿಸಿದಳು. “ಭೂಮಿತಾಯಿ ಉಂಡಾಳ ಅಂತ ತಿಳಕೊಂಡಿದ್ದೆ.”

“ಉಂಡಾಳ್ರಿ. ಉಣ್ಣೂಮುಂದ ಇದ್ದ ಉಸಿರೆಲ್ಲಾ ತೀರಿಸ್ಯಾಳ.”

ಬಾಯಿಗೆ ಬಂದದ್ದನ್ನು ತಡೆದುಕೊಳ್ಳಬೇಕಿತ್ತು. ತಡೆದುಕೊಳ್ಳುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಆಗಷ್ಟೇ ಬಂದ ಫಕೀರೇಶನಿಗೂ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು: ಅನಿಲ, ನೀರು, ಹಳದಿ ಎಲೆ, ಚರಗ. ಅವನು ಮೊದಲು ನಂಬಲಿಲ್ಲ. ಬಾಡಿದ ಬೆಳೆ ಎಲ್ಲರ ಕಣ್ಣಿಗೂ ಕಾಣುತ್ತದೆ, ನಿನ್ನ ಗಾಳಿ ಯಾರ ಕಣ್ಣಿಗೆ ಕಾಣುತ್ತದೆ ಎಂದು ರೇಗಿದ. ತಾನು ನೀರು ಏರಿಸಿದ್ದರಿಂದ ಮಗಳ ಕಾಲು ಹೋಯಿತು ಎನ್ನುತ್ತೀಯಾ ಎಂದು ಕೇಳಿದ. ಅವನು ಕೆಳಗೆ ಕೂತು, ಮಲಗಿದ್ದ ಕಸ್ತೂರಿಯ ಪಟ್ಟಿ ಕಟ್ಟಿದ ಪಾದವನ್ನು ನೋಡುತ್ತಿದ್ದ. ಗುರುಬಸವ್ವ ಬೆಂದ ಕಡಬುಗಳನ್ನು ಒಂದೊಂದಾಗಿ ತಟ್ಟೆಗೆ ಇಳಿಸಿ, ಮೇಲೆ ಬಟ್ಟೆ ಮುಚ್ಚಿ, ಒಲೆ ಆರಿಸಿದಳು. ಅಂದಿನಿಂದ ಆಕೆ ಸೊಸೆಯ ಜೊತೆ ಬೇಕಾದದ್ದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಹೊಲದ ಒಡ್ಡಿನ ಪಕ್ಕದ ಕಟ್ಟೆಯ ಮೇಲೆ ಸಭೆ ಕೂಡಿತು. ಕೆಂಪಹಾಳದ ಹಿರಿತನ ಹನುಮರಡ್ಡಿಯದು. ಶಾಲು ಹೊದ್ದು, ಎರಡೂ ಕೈ ಒಳಗಿಟ್ಟುಕೊಂಡು ಕೂತಿದ್ದ. ನೀಲಗಂಗಾ ಹೇಳಬೇಕಾದದ್ದನ್ನು ಹೇಳಿದಳು. ನೀರು ನಿಲ್ಲಿಸಿ ಹೊಲ ಒಣಗಿಸಿದರೆ ಹೊಸ ಅನಿಲ ಏಳುವುದು ನಿಲ್ಲುತ್ತದೆ, ಜೋಳವೂ ಉಳಿಯುತ್ತದೆ. ಆದರೆ ಈಗಾಗಲೇ ಗವಿಯಲ್ಲಿ ತುಂಬಿರುವುದು ಎಲ್ಲಿಗೂ ಹೋಗುವುದಿಲ್ಲ. ಗಾಳಿಯನ್ನೇ ಹೊರಕ್ಕೆ ಬಿಟ್ಟರೆ ಮತ್ತೆ ತುಂಬಲು ಬೇರೆ ಗಾಳಿಯಿಲ್ಲ. ಅನಿಲವನ್ನು ಕುಲುಮೆಯಲ್ಲಿ ಕಾಯಿಸಿ ಒಡೆಯಬಹುದು, ಆದರೆ ಇರುವ ಕುಲುಮೆಗೆ ಅದು ವರ್ಷಗಟ್ಟಲೆಯ ಕೆಲಸ. ಉಳಿದದ್ದು ಒಂದೇ ದಾರಿ. ಹೊಲವನ್ನು ಪೂರ್ತಿ ಮುಳುಗಿಸುವುದು. ಮುಳುಗಿದ ಮಣ್ಣಿನ ಜೀವಿಗಳು ಆ ಕೊನೆಯ ಮೆಟ್ಟಿಲಿನ ಕೆಲಸಕ್ಕೆ ಇಳಿಯುತ್ತವೆ. ಅನಿಲವನ್ನು ಮಾಡುವ ಬದಲು ತಿನ್ನುತ್ತವೆ. ಹೊರಗೆ ಹೋಗುವವರ ಉಡುಪಿಗೆ ಆಮ್ಲಜನಕ ಸೋಸುವ ಯಂತ್ರವಿದೆಯಲ್ಲ, ಅದರಿಂದ ಗವಿಯ ಗಾಳಿಯ ಆಮ್ಲಜನಕ ತೆಗೆದು, ಉಳಿದ ಗಾಳಿಯನ್ನು ಮಣ್ಣಿನಡಿಯ ಕೊಳವೆಗಳಲ್ಲಿ ನೂಕಿ ಕೆಸರಿನೊಳಗಿಂದ ಹಾಯಿಸಬೇಕು. ಜೀವಿಗಳು ಸೋಲದಂತೆ ಅವಕ್ಕೆ ಉಣಿಸು ಕೊಡಬೇಕು; ಉಗ್ರಾಣದ ಬೆಲ್ಲ, ಹಿಟ್ಟು.

ಕಟ್ಟೆಯ ಮೇಲಿದ್ದವರೆಲ್ಲ ಹೊಲದ ಕಡೆ ನೋಡಿದರು. ಎದುರಿಗೇ ಜೋಳ ನಿಂತಿತ್ತು. ಹಳದಿ ತಿರುಗಿದ್ದರೂ ತೆನೆಯ ಕಾಳಿನಲ್ಲಿ ಹಾಲು ತುಂಬಿತ್ತು. ಇನ್ನು ಸ್ವಲ್ಪ ಬಲಿತರೆ ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಕಾಲ. ಮುಳುಗಿದರೆ ಬೇರು ಕೊಳೆಯುತ್ತದೆ, ಮಣ್ಣಿನ ನೈಟ್ರೇಟೆಲ್ಲ ಹಾರಿಹೋಗುತ್ತದೆ, ಮುಂದಿನ ಬಿತ್ತನೆಗೆ ನೆಲ ಸಿದ್ಧವಾಗುವಷ್ಟರಲ್ಲಿ ಉಗ್ರಾಣ ಬರಿದಾಗಿರುತ್ತದೆ.

ಹನುಮರಡ್ಡಿ ಕೆಟ್ಟವನಲ್ಲ. ನಲವತ್ತು ಮನೆಯ ಹೊಟ್ಟೆ ಅವನ ತಲೆಯ ಮೇಲಿತ್ತು. ಮಕ್ಕಳ ಸಂಕಟ ತನಗೂ ಗೊತ್ತು, ಆದರೆ ಹಡಗು ಬರುವ ತನಕ ಬದುಕಿ ಉಳಿದರೆ ತಾನೇ ಕಾಲಿನ ಮಾತು, ಸೊಂಟಕ್ಕೆ ಕಟ್ಟುವ ಯಂತ್ರದ ಕಾಲು ಬೇಕಾದರೆ ಆಮೇಲೆ ತರಿಸೋಣ, ಬೆಳೆದ ಬೆಳೆಯನ್ನು ಕೈಯಾರೆ ಕೊಲ್ಲು ಎಂದು ಯಾವ ಬಾಯಿಂದ ಹೇಳಲಿ ಎಂದು ಅಂದ. ಹಲವರು ತಲೆದೂಗಿದರು. ಮಕ್ಕಳಿಲ್ಲದವರು ಮಾತ್ರವಲ್ಲ, ಮಕ್ಕಳಿದ್ದವರೂ ದೂಗಿದರು. ಹಸಿದ ಮಗುವನ್ನು ಕಂಡಿದ್ದವರು ಅವರಲ್ಲಿ ಇದ್ದರು.

ಆಗ ಜುಬೇದಾ ಎದ್ದಳು. ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ, ಚುಚ್ಚಿದ್ದು ತಿಳಿದವರು ಕೈ ಎತ್ತಿ ಎಂದು ಹೇಳಿ, ಸೂಜಿ ಹಿಡಿದು ಸಾಲಿನ ಈ ತುದಿಯಿಂದ ಶುರು ಮಾಡಿದಳು. ಒಬ್ಬೊಬ್ಬರ ಕಾಲ್ಬೆರಳಿಗೂ ತಾಗಿಸುತ್ತ, ಒರೆಸುತ್ತ ನಡೆದಳು. ನೀಲಗಂಗಾ ನೋಡುತ್ತ ನಿಂತಳು. ಕೈಗಳು ಏಳಲಿಲ್ಲ. ಅಲ್ಲೊಂದು ಎದ್ದಿತು, ತಡವಾಗಿ ಇನ್ನೊಂದು. ಉಳಿದವರು ತಮ್ಮ ಸರದಿ ಇನ್ನೂ ಬಂದಿಲ್ಲವೆಂದು ಕಣ್ಣು ಮುಚ್ಚಿ ಕಾಯುತ್ತಿದ್ದರು, ಬೆರಳ ತುದಿಯಲ್ಲಿ ರಕ್ತದ ಹನಿ ಹೊತ್ತುಕೊಂಡು.

ಕಣ್ಣು ತೆರೆದು ತಮ್ಮ ಕಾಲು ನೋಡಿಕೊಂಡ ಮೇಲೆ ಯಾರೋ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಹನುಮರಡ್ಡಿ ಶಾಲಿನಿಂದ ಕೈ ಹೊರತೆಗೆದ. ಅಂಗಿಯ ಗುಂಡಿ ಒಂದನ್ನೂ ಹಾಕಿರಲಿಲ್ಲ. ಚಳಿ ಹಿಡಿದಿದೆ ಎಂದು ನೆಪ ಹೇಳಿ, ಹೆಂಡತಿಗೂ ತಿಳಿಸದೆ ಅವನು ಅಷ್ಟು ದಿನ ಬೆರಳು ಮುಚ್ಚಿಟ್ಟುಕೊಂಡಿದ್ದ.

“ನನ್ನವೂ ಬೆರಳು ನಡಿಯೂದಿಲ್ಲವಾ,” ಎಂದ. ಆಮೇಲೆ ಫಕೀರೇಶನ ಕಡೆ ತಿರುಗಿದ. “ನೀರು ಬಿಡಪಾ.”

ಮಕ್ಕಳನ್ನೆಲ್ಲ ಮೇಲಿನ ಉಗ್ರಾಣದ ಕೋಣೆಗೆ ಸಾಗಿಸಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಉಡುಪುಗಳ ಆಮ್ಲಜನಕ ಬಿಟ್ಟರು. ದೊಡ್ಡವರು ಮೂಟೆಗಳನ್ನು ಹೊತ್ತು ಹೊಲಕ್ಕೆ ಇಳಿದರು. ಬೆಲ್ಲ ಕರಗಿಸಿ ಹಿಟ್ಟು ಕಲಸಿದ ನೀರನ್ನು ಜೋಳದ ಸಾಲುಗಳ ನಡುವೆ ಸುರಿಯುವಾಗ ಯಾರೂ ಚರಗದ ಪದ ಹೇಳಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. ಗುರುಬಸವ್ವ ಕೊಡ ಹಿಡಿದು ಬಂದಳು, ಒಂದು ಸಾಲಿಗೆ ಸುರಿದಳು, ಎರಡನೆಯದಕ್ಕೆ ಬಗ್ಗಿದವಳು ಹಾಗೇ ಒಡ್ಡಿನ ಮೇಲೆ ಕೂತುಬಿಟ್ಟಳು. ಫಕೀರೇಶ ಮುಖ್ಯ ವಾಲ್ವ್ ತಿರುಗಿಸಿದ. ಕಪ್ಪು ನೀರು ನಿಧಾನವಾಗಿ, ಇಲ್ಲಿಯ ನೀರಿನ ರೀತಿಯಲ್ಲಿ ದಪ್ಪಗೆ ಉಬ್ಬಿಕೊಂಡು ಏರಿತು. ಸಾಲು ಮುಚ್ಚಿದವು. ದಂಟಿನ ಬುಡ ಮುಚ್ಚಿತು. ಸೋಸಿದ ಗಾಳಿ ಅಡಿಯಿಂದ ಏರಿ, ಇಡೀ ಹೊಲ ಕುದಿಯುವ ಹಾಗೆ ಗುಳ್ಳೆ ಎದ್ದವು.

ಮೊದಲು ಅನಿಲ ಹೆಚ್ಚುತ್ತದೆ, ಹೆದರಬೇಡಿ ಎಂದು ನೀಲಗಂಗಾ ಎಲ್ಲರಿಗೂ ಹೇಳಿಟ್ಟಿದ್ದಳು. ಮಣ್ಣಿನಲ್ಲಿ ಉಳಿದ ನೈಟ್ರೇಟು ಒಮ್ಮೆಲೇ ಕರಗಿ, ಅರ್ಧ ದಾರಿಯ ತನಕ ಇಳಿದು, ಒಂದಷ್ಟು ಹೊರಬಿದ್ದೇ ಬೀಳುತ್ತದೆ. ಆಮೇಲೆ ತಿನ್ನುವ ಕೆಲಸ ಶುರುವಾಗುತ್ತದೆ. ಅಳೆಯುವ ಯಂತ್ರವನ್ನು ಅವಳು ಪಂಪಿನ ಕೋಣೆಗೇ ತಂದಿಟ್ಟುಕೊಂಡಿದ್ದಳು. ಡುಬ್ಬ ಏರಿತು. ಅವಳು ಎಣಿಸಿದಷ್ಟು ಏರಿತು. ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಇನ್ನೂ ಏರಿತು. ಬಾಗಿಲ ಹೊರಗೆ ಮಂದಿ ಸೇರಿದ್ದರು. ಒಬ್ಬನಿಗೆ ತಲೆ ತಿರುಗಿ ಗೋಡೆಗೆ ಒರಗಿದ. ಇನ್ನೊಬ್ಬ, ಇದ್ದ ಜೋಳವೂ ಹೋಯಿತು, ಗಾಳಿಯೂ ಕೆಟ್ಟಿತು, ಕೊಡಲಿಯನ್ನು ನಾವೇ ಕಾಲಮೇಲೆ ಹಾಕಿಕೊಂಡೆವು ಎಂದು ಗೊಣಗಿದ. ತೂಬು ತೆರೆದು ನೀರು ಬಸಿದುಬಿಡಿ, ಇನ್ನೂ ಒಂದಿಷ್ಟು ತೆನೆ ಉಳಿದೀತು ಎಂದು ಹೊರಗಿನಿಂದ ಮಾತು ಬಂತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುತ್ತ ಹೋದರು.

ಫಕೀರೇಶ ಬಸಿಯುವ ತೂಬಿನ ಚಕ್ರದ ಮೇಲೆ ಕೈ ಇಟ್ಟ. ಹೆಂಡತಿಯ ಮುಖ ನೋಡಿದ.

“ಇಳಿತೈತೇನು?”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ಕೊನೆಯ ಮೆಟ್ಟಿಲು ಇಳಿಸುವ ಜೀವಿಗಳು ಈ ಮಣ್ಣಿನಲ್ಲಿ ಬದುಕಿವೆಯೋ ಇಲ್ಲವೋ ಯಾರಿಗೆ ಗೊತ್ತು? ಊರಿಂದ ತಂದ ಹೆಪ್ಪಿನಲ್ಲಿ ಇದ್ದವು. ಆದರೆ ಈ ಗವಿಯಲ್ಲಿ ಹೊಲ ಒಮ್ಮೆಯೂ ಮುಳುಗಿರಲಿಲ್ಲ. ಇಷ್ಟು ವರ್ಷ ಕೆಲಸವಿಲ್ಲದೆ ಕೂತವು ಸತ್ತು ಮಣ್ಣಾಗಿದ್ದರೆ? ಅದನ್ನು ಮೊದಲು ಸಣ್ಣ ಕುಂಡದಲ್ಲಿ ಮಾಡಿ ನೋಡಬೇಕಿತ್ತು. ಕುಂಡದಲ್ಲಿ ನೋಡುವಷ್ಟು ದಿನ ಕಸ್ತೂರಿಯ ಕಾಲುಗಳಿಗೆ ಇರಲಿಲ್ಲ.

“ನನಗೂ ಗೊತ್ತಿಲ್ಲರಿ.”

“ಮೊದಲ ಹೇಳಿದ್ರ ನಾ ನೀರು ಬಿಡತಿರಲಿಲ್ಲ.”

“ಅದಕ್ಕ ಹೇಳಲಿಲ್ಲ.”

ಪಂಪಿನ ಸದ್ದಿನ ನಡುವೆ ಹೊರಗಿನ ದನಿಗಳು ಏರುತ್ತಿದ್ದವು. ಬಾಗಿಲನ್ನು ಒಬ್ಬರು ತಳ್ಳಿದರು. ಫಕೀರೇಶ ಚಕ್ರದಿಂದ ಕೈ ತೆಗೆದು, ಅದಕ್ಕೇ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕೂತ. ಒಳಗೆ ನುಗ್ಗಿದವರು ಅವನನ್ನು ದಾಟದೆ ತೂಬು ಮುಟ್ಟುವಂತಿರಲಿಲ್ಲ. ಎಳೆದವರು ಎಳೆದರು, ಬೈದವರು ಬೈದರು. ಒಬ್ಬ ಕೆನ್ನೆಗೆ ಹೊಡೆದ. ನೀಲಗಂಗಾ ತಿರುಗಿ ನೋಡಲಿಲ್ಲ. ನೋಡಿದರೆ ತಾನೇ ಎದ್ದು ತೂಬು ತೆರೆಯುತ್ತಿದ್ದಳು ಎಂದು ಅವಳಿಗೆ ಗೊತ್ತಿತ್ತು.

ಡುಬ್ಬ ನಿಂತಿತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಎಷ್ಟು ಹೊತ್ತು ಹಾಗಿತ್ತೋ, ಮಂದಿ ಕೂಗಿ ಕೂಗಿ ಸೋತು ಅಲ್ಲಲ್ಲೇ ಕೂತರು. ಆಮೇಲೆ ಅದರ ತುದಿ, ಬಿಸಿ ತಗಲಿದ ಬೆಣ್ಣೆಯ ಅಂಚಿನಂತೆ, ಒಂದು ಕೂದಲೆಳೆ ಇಳಿಯಿತು. ಅವಳು ಯಾರಿಗೂ ಹೇಳಲಿಲ್ಲ. ಇನ್ನೊಂದು ಎಳೆ ಇಳಿಯುವ ತನಕ ಕಾದಳು. ಮತ್ತೊಂದು ಇಳಿದಾಗ ಯಂತ್ರವನ್ನು ಗಂಡನ ಕಡೆ ತಿರುಗಿಸಿದಳು. ಒಡೆದ ತುಟಿ ಒರೆಸಿಕೊಳ್ಳುತ್ತ ಅವನು ಅದನ್ನು ನೋಡಿದ, ಸರಿ ಎನ್ನುವಂತೆ ಕಣ್ಣು ಮುಚ್ಚಿಕೊಂಡ.

ಗಾಳಿ ಪೂರಾ ತಿಳಿಯಾಗಲು ಬಹಳ ಕಾಲ ಹಿಡಿಯಿತು. ಅಷ್ಟರೊಳಗೆ ಜೋಳ ಮಲಗಿ, ಕೊಳೆತು, ಗಟಾರದ ವಾಸನೆ ಮನೆಮನೆಗೂ ಹೊಕ್ಕಿತು. ಉಗ್ರಾಣದಿಂದ ಒಂದು ಹೊತ್ತಿನ ಹಿಟ್ಟು ಮಾತ್ರ ಕೊಡತೊಡಗಿದರು. ಗುರುಬಸವ್ವ ತನಗೆ ಹಸಿವಿಲ್ಲ ಎಂದು ಹೇಳುವುದನ್ನು ಕಲಿತಳು. ಕೆಸರು ಬಸಿದ ಮೇಲೆ ಹೊಲದಲ್ಲಿ ಉಳಿದದ್ದು ಬಿರಿದ ಕಪ್ಪು ನೆಲ. ಬೆಳೆಗೆ ಬೇಕಾದ ಒಂದು ತುತ್ತೂ ಅದರಲ್ಲಿರಲಿಲ್ಲ. ನೀಲಗಂಗಾ ಹೆಸರುಕಾಳು ಬಿತ್ತಿಸಿದಳು. ಅದರ ಬೇರಿನ ಗಂಟುಗಳಾದರೂ ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡಲಿ ಎಂದು. ಮೊಳಕೆ ಎದ್ದರೆ ಕಿತ್ತು ತಿನ್ನುವವರಿದ್ದಾರೆಂದು ಹನುಮರಡ್ಡಿ ಸರದಿಯ ಮೇಲೆ ಕಾವಲು ಹಾಕಿದ.

ಜುಬೇದಾ ಈಗ ಗುಳಿಗೆಗಳನ್ನು ಹೊರತೆಗೆದಳು. ಮಕ್ಕಳಿಗೆ ಮೊದಲು. ನರ ಮತ್ತೆ ಚಿಗುರುತ್ತದೆಯೇ ಎಂದು ಕೇಳಿದರೆ ಆಕೆ ಹೌದೆನ್ನಲಿಲ್ಲ. ಕೆಲವು ಮಕ್ಕಳಿಗೆ ಬರಬಹುದು, ಕೆಲವಕ್ಕೆ ತಡವಾಗಿರಬಹುದು, ದಿನಾ ಪಾದ ತಿಕ್ಕುತ್ತಿರಿ ಎಂದಳು. ಬೇರೆ ಮನೆಗಳಲ್ಲಿ ಒಂದೆರಡು ಮಕ್ಕಳು ಗೋಡೆ ಹಿಡಿಯದೆ ನಡೆದವು ಎಂಬ ಸುದ್ದಿ ಬಂತು. ಕಸ್ತೂರಿ ನಡೆಯಲಿಲ್ಲ. ಮೊಣಕಾಲ ಮೇಲೆ ಹರಿದಾಡುವುದನ್ನು ಕಲಿತಳು, ಎಷ್ಟು ಚುರುಕಾಗಿ ಎಂದರೆ ಅದನ್ನು ನೋಡಲಾಗದೆ ಫಕೀರೇಶ ಹೊರಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ನೀಲಗಂಗಾ ಮಗಳನ್ನು ಮುಂದೆ ಕೂರಿಸಿಕೊಂಡು ಬಲಪಾದ ತಿಕ್ಕುತ್ತಿದ್ದಳು. ಸುಟ್ಟ ಗಾಯ ಮಾಗಿ ಅಂಗಾಲು ನುಣ್ಣಗಾಗಿತ್ತು. ಅವಳಿಗೂ ಬೆರಳ ತುದಿ ಮರಗಟ್ಟಿತ್ತು. ಮಗಳ ಪಾದದ ಬಿಸಿ ತಂಪು ತಿಳಿಯಲು ಅಂಗೈಯನ್ನೇ ಒತ್ತಬೇಕಿತ್ತು. ತಿಕ್ಕುತ್ತ ತಿಕ್ಕುತ್ತ ಹಸಿವಿಗೆ ಕಣ್ಣು ಕತ್ತಲೆ ಬರುತ್ತಿದ್ದಾಗ ಕಸ್ತೂರಿ ಪಾದ ಎಳೆದುಕೊಂಡಳು.

“ಬಿಡು ಯವ್ವಾ. ಸೂಜಿ ಚುಚ್ಚಿದಂಗ ಆಕ್ಕತಿ.”

ನೀಲಗಂಗಾ ಪಾದವನ್ನು ಬಿಡಲಿಲ್ಲ. ಹೆಬ್ಬೆರಳನ್ನು ಹಿಡಿದು ಒತ್ತಿದಳು. ಹುಡುಗಿ ಅತ್ತಳು. ಇನ್ನೂ ಜೋರಾಗಿ ಒತ್ತಿದಳು. ಕಸ್ತೂರಿ ಕೂಗಿ ಅಳುತ್ತ ಅವ್ವನ ಕೈಗೆ ಬಡಿಯತೊಡಗಿದಳು. ಒಳಗಿನಿಂದ ಗುರುಬಸವ್ವ ಗೋಡೆ ಹಿಡಿದು ಬಂದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಮಗುವನ್ನು ಯಾಕೆ ಅಳಿಸುತ್ತಿದ್ದಾಳೆಂದು ಯಾರೂ ಕೇಳಲಿಲ್ಲ. ಆ ಅಳುವನ್ನು ಎಲ್ಲರೂ ನಿಂತು ಕೇಳಿದರು. ಎಷ್ಟೋ ದಿನದ ಮೇಲೆ ಅತ್ತೆ ಸೊಸೆಯ ಪಕ್ಕದಲ್ಲಿ ಕೂತು, ಅವಳ ಬೆನ್ನ ಮೇಲೆ ಕೈ ಇಟ್ಟಳು.

“ಆ ಕಾಲು ನೋಡವಾ,” ಎಂದಳು.

ನೀಲಗಂಗಾ ಎಡಗಾಲನ್ನು ಎತ್ತಿಕೊಂಡು ಒತ್ತಿದಳು. ಉಗುರು ಇಳಿಯುವಷ್ಟು ಒತ್ತಿದಳು. ಕಸ್ತೂರಿಯ ಅಳು ಬಿಕ್ಕಳಿಕೆಗೆ ಇಳಿಯಿತು, ಬಿಕ್ಕಳಿಕೆಯೂ ನಿಂತಿತು. ಒದ್ದೆ ಕಣ್ಣುಗಳಿಂದ ಅವ್ವನ ಮುಖವನ್ನು ನೋಡುತ್ತ ಕೂತಳು, ಏನು ಮಾಡುತ್ತಿದ್ದಾಳೆ ಎಂದು.

ಬಾಗಿಲಲ್ಲಿ ನಿಂತವರು ಒಬ್ಬೊಬ್ಬರಾಗಿ ಹೋದರು. ನೀಲಗಂಗಾ ಆ ಎಡಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಿಂದ ಶುರುಮಾಡಿ ತಿಕ್ಕತೊಡಗಿದಳು.